ಮೂರು ಭಾನುವಾರದ ಪ್ರಕಟಣೆ

ಕೊಡಿಗೇಹಳ್ಳಿ,
೨೩ ಮಾರ್ಚ್ ೨೦೨೫

ಪ್ರೀತಿಯ ಥೆರೇಸಕ್ಕನಿಗೆ,

ಸರ್ವೇಶ್ವರನಿಗೆ ಸ್ತೋತ್ರ. ನಿನ್ನ ಮಂಡಿನೋವು ಹೇಗಿದೆ? ಮೈಸೂರಿನ ಬಿಸಿಲು ಭಾವನಿಗೆ ಆಗಿಬರುವುದಿಲ್ಲ, ಮಧ್ಯಾಹ್ನ ಹೊರಗೆ ಕಳಿಸಬೇಡ. ನಿನ್ನ ಫೋನುಗಳಿಗೆ ಉತ್ತರಿಸದೆ ಇಷ್ಟು ದಿನ ಸುಮ್ಮನಿದ್ದುದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ನೀನು "ಲೂರ್ದೂ" ಎಂದರೆ ಸಾಕು, ನಾನು ಚಿಕ್ಕವಳಾಗಿಬಿಡುತ್ತೇನೆ, ನೀನು ಹೇಳಿದ್ದಕ್ಕೆಲ್ಲ ಹೂಂ ಎಂದುಬಿಡುತ್ತೇನೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಶರ್ಲಿ ಗಂಡನನ್ನು ಬಿಟ್ಟು ಬಂದಾಗಿನಿಂದ ನಮ್ಮ ಮನೆಯಲ್ಲೇ ಇದ್ದಾಳೆ. ಬೆಳಗ್ಗೆ ಎದ್ದು ಹೆಬ್ಬಾಳದ ಆಸ್ಪತ್ರೆಗೆ ಡ್ಯೂಟಿಗೆ ಹೋಗುತ್ತಾಳೆ, ಬಂದು ಸ್ನಾನ ಮಾಡಿ ಮಲಗುತ್ತಾಳೆ. ಕೋಣೆಯ ಬಾಗಿಲು ಹಾಕಿಕೊಳ್ಳುವುದಿಲ್ಲ, ಅಷ್ಟೇ ಸಮಾಧಾನ. ಚರ್ಚಿನ ಗಾಯನವೃಂದಕ್ಕೆ ಹೋಗುವುದನ್ನು ಬಿಟ್ಟಿದ್ದಾಳೆ. ಪೂಜೆ ಮುಗಿದ ಮೇಲೆ ಹೆಂಗಸರು ಸುತ್ತ ನಿಂತು "ಹೊಂದ್ಕೊಂಡು ಹೋಗ್ಬೇಕಮ್ಮ, ಗಂಡಸ್ರು ಅಂದ್ರೆ ಹಂಗೇ" ಎನ್ನುತ್ತಾರೆ. ಅವಳು ನಕ್ಕು ಆಟೋ ಹತ್ತುತ್ತಾಳೆ. ಆ ನಗು ನೋಡಿದರೆ ನನಗೆ ಆ ಹೆಂಗಸರ ಜುಟ್ಟು ಹಿಡಿಯಬೇಕೆನ್ನಿಸುತ್ತದೆ. ಈಸ್ಟರ್ ಮುಂಚಿನ ಈ ತಪಸ್ಸುಕಾಲದಲ್ಲಿ ಹೀಗೆಲ್ಲ ಬರೆಯಬಾರದು, ಗೊತ್ತು.

ಅವಳ ಗಂಡ ಸ್ಟ್ಯಾನ್ಲಿಯ ಗುಟ್ಟು ಹೇಗೆ ಬಯಲಾಯಿತೆಂದು ನಿನಗೆ ಪೂರ್ತಿ ಹೇಳಿರಲಿಲ್ಲ. ಕ್ರಿಸ್‌ಮಸ್‌ಗೆ ಮುಂಚೆ ಶರ್ಲಿಯ ವಾರ್ಡಿಗೆ ಜ್ವರದ ಮಗುವೊಂದು ಬಂತು. ಅಮೃತಹಳ್ಳಿಯವಳು ತಾಯಿ, ರಂಜನಿ ಅಂತ ಹೆಸರು. ಶರ್ಲಿ ಮಗುವಿನ ಹಣೆ ಒರೆಸುತ್ತಿರುವಾಗಲೇ ಸ್ಟ್ಯಾನ್ಲಿ ಬನ್ನು, ಹಾಲು ಹಿಡಿದು ಒಳಗೆ ಬಂದ. ಮಗು "ಅಪ್ಪಾ" ಎಂದು ಕೈ ಚಾಚಿತು. ನನ್ನ ಮಗಳು ಡ್ರಿಪ್ಪು ಸರಿಮಾಡಿ, ಚಾರ್ಟು ಬರೆದು, ಡ್ಯೂಟಿ ಮುಗಿಸಿಯೇ ಮನೆಗೆ ಬಂದಳು. ಬಂದವಳು ನನ್ನ ಮಡಿಲಲ್ಲಿ ತಲೆಯಿಟ್ಟು "ಅಮ್ಮ, ನಾನು ಇನ್ನೊಬ್ರ ಮನೆ ಒಳಗೆ ನುಗ್ಬಿಟ್ಟಿದೀನಿ" ಎಂದಳು. ತಪ್ಪು ಮಾಡಿದವನು ಅವನು, ನಾಚಿಕೆ ಇವಳಿಗೆ.

ಶರ್ಲಿಯ ಮದುವೆಗೆ ವರ್ಷಗಳ ಮೊದಲೇ ಅವನು ರಂಜನಿಗೆ ಯಾವುದೋ ಗುಡಿಯಲ್ಲಿ ತಾಳಿ ಕಟ್ಟಿ ಸಂಸಾರ ಹೂಡಿದ್ದ. ಚರ್ಚಿನ ದಾಖಲೆಯಲ್ಲಿ ಅದೆಲ್ಲಿ ಸಿಗಬೇಕು? ಇಂಥದ್ದು ಹೊರಗೆ ಬರಲೆಂದೇ ಅಲ್ಲವೇ ಮದುವೆಗೆ ಮುಂಚೆ ಮೂರು ಭಾನುವಾರ ಪೂಜೆಯಲ್ಲಿ ಹೆಸರು ಓದುವುದು, ಅಡ್ಡಿ ಗೊತ್ತಿದ್ದವರು ಬಂದು ತಿಳಿಸಿ ಎಂದು ಕೇಳುವುದು? ಮೂರು ಭಾನುವಾರವೂ ನೀನು ಮದುವೆ ಕೆಲಸಕ್ಕೆಂದು ನಮ್ಮ ಮನೆಗೆ ಬಂದಿದ್ದೆ. ಮೂರೂ ಸಲ ನನ್ನ ಪಕ್ಕದಲ್ಲೇ ಕೂತು ಕೇಳಿದೆ.

ಹೋದ ತಿಂಗಳು ಫೋನಿನಲ್ಲಿ ನೀನೇ ಬಾಯಿಬಿಟ್ಟೆ. "ನಂಗೆ ಮೊದ್ಲೇ ಗೊತ್ತಿತ್ತು ಕಣೇ ಲೂರ್ದು. ಮದ್ವೆ ಆದ್ರೆ ಹುಡುಗ ದಾರಿಗೆ ಬರ್ತಾನೆ, ಚರ್ಚಿಗೆ ವಾಪಸ್ ಬರ್ತಾನೆ ಅಂದ್ಕೊಂಡೆ. ಸ್ವಾಮಿಗಳ ಹತ್ರ ಪಾಪನಿವೇದನೆ ಮಾಡ್ಕೊಂಡಿದೀನಿ. ದೇವ್ರೇ ಕ್ಷಮಿಸಿದ್ಮೇಲೆ ನಿಂದೇನು?" ಎಂದೆ. ಭಾವನ ತಮ್ಮನ ಮಗ ಸ್ಟ್ಯಾನ್ಲಿಯನ್ನು ದಾರಿಗೆ ತರಲು ನನ್ನ ಮಗಳೇ ಬೇಕಿತ್ತೇ? ಅವಳನ್ನು ಜ್ಞಾನಸ್ನಾನದ ದಿನ ಎತ್ತಿಕೊಂಡು ನಿಂತ ಜ್ಞಾನತಾಯಿ ನೀನು.

ದೇವರು ಕ್ಷಮಿಸಿದ್ದಾನೆಂದು ನಾನೂ ನಂಬುತ್ತೇನೆ ಅಕ್ಕ. ಪಾಪನಿವೇದನೆ ಮಾಡಿದ ರಾತ್ರಿಯಿಂದ ನೀನು ಚೆನ್ನಾಗಿ ನಿದ್ದೆ ಮಾಡುತ್ತಿರಬಹುದು. ಆದರೆ ಪಾಪ ನಿನ್ನಿಂದ ಹೊರಟು ಬಂದು ಕೂತಿರುವುದು ನಮ್ಮ ಮನೆಯಲ್ಲಿ. ಇಂಥ ಪಾಪಕ್ಕೆ ಕ್ಷಮೆಯೊಂದೇ ಸಾಕೇ ಎಂದು ನಮ್ಮ ಚರ್ಚಿನ ವಿಚಾರಣಾ ಗುರುಗಳನ್ನು ಕೇಳಿದೆ. ಯಾರ ಪಾಪವೆಂದು ಹೇಳಲಿಲ್ಲ. ಅವರು "ಕ್ಷಮೆ ದೇವ್ರು ಕೊಡೋದು ಪುಕ್ಕಟೆ ಅಮ್ಮ. ಆದ್ರೆ ಕೆಡಿಸಿದ್ದನ್ನ ಸರಿಮಾಡೋ ಜವಾಬ್ದಾರಿ ಕೆಡಿಸಿದವ್ರ ಮೇಲೇ ಇರುತ್ತೆ" ಎಂದರು.

ಸರಿಮಾಡಲು ನಿನಗೊಂದು ದಾರಿಯಿದೆ. ಈ ಮದುವೆ ಮೋಸದಿಂದ ಆದದ್ದು, ಮದುವೆಯೇ ಅಲ್ಲ ಎಂದು ಬಿಷಪ್ಪರ ಧರ್ಮಪ್ರಾಂತ್ಯದ ನ್ಯಾಯಮಂಡಳಿಗೆ ಶರ್ಲಿ ಅರ್ಜಿ ಹಾಕಿದ್ದಾಳೆ. ಸ್ಟ್ಯಾನ್ಲಿ "ಅವ್ಳಿಗೆ ಎಲ್ಲಾ ಹೇಳೇ ಮದ್ವೆ ಆಗಿದ್ದು" ಎಂದು ಅಲ್ಲಿ ಹೇಳಿ ಬಂದಿದ್ದಾನೆ. ಅದು ಸುಳ್ಳೆನ್ನಲು ಅವನ ಕಡೆಯವರೊಬ್ಬರ ಸಾಕ್ಷಿ ಬೇಕು. ನೀನು ಬಂದು, ಶರ್ಲಿಗಾಗಲೀ ಅವಳ ಮನೆಯವರಿಗಾಗಲೀ ಗೊತ್ತಿರಲಿಲ್ಲ, ನಾವೇ ಬೇಕೆಂದು ಮುಚ್ಚಿಟ್ಟೆವು ಎಂದರೆ ಸಾಕು. ಇಲ್ಲದಿದ್ದರೆ ಚರ್ಚಿನ ಲೆಕ್ಕದಲ್ಲಿ ಅವಳು ಸಾಯುವ ತನಕ ಅವನ ಹೆಂಡತಿ. ಅಂದು ಸಾಕ್ಷಿಯ ಮಾತೆತ್ತಿದ್ದಕ್ಕೆ "ನಮ್ಮನೆ ಮಾನ ಹೋಗುತ್ತೆ, ಅದೊಂದು ಕೇಳ್ಬೇಡ" ಎಂದೆಯಲ್ಲ, ಶರ್ಲಿಯ ಮಾನ ಯಾರ ಮನೆಯದು?

ಈಸ್ಟರ್‌ಗೆ ಬರುತ್ತೇನೆಂದಿದ್ದೀಯ. ಅದಕ್ಕೆ ಮುಂಚೆ ನ್ಯಾಯಮಂಡಳಿಗೆ ಬಾ. ಅಲ್ಲಿಂದ ನಾನೇ ಕೈಹಿಡಿದು ಮನೆಗೆ ಕರೆತರುತ್ತೇನೆ. ಬರದಿದ್ದರೆ ಈಸ್ಟರ್‌ಗೂ ಬರಬೇಡ.

ಮಾತೆ ಮರಿಯಮ್ಮನವರು ನಿನಗೂ ಭಾವನಿಗೂ ಆರೋಗ್ಯ ಕೊಡಲಿ. ಮಾತ್ರೆ ತಪ್ಪಿಸಬೇಡ.

ನಿನ್ನ ತಂಗಿ,
ಲೂರ್ದಮ್ಮ

ತಾ.ಕ.: ಇದನ್ನು ಬರೆಯಬಾರದೆಂದುಕೊಂಡಿದ್ದೆ. ಬರೆಯದೆ ಲಕೋಟೆ ಅಂಟಿಸಲು ಕೈ ಬರುತ್ತಿಲ್ಲ. ಮೊನ್ನೆ ರಂಜನಿ ಶರ್ಲಿಯನ್ನು ನೋಡಲು ಬಂದಿದ್ದಳು. ಗೋಡೆಯ ಮೇಲಿನ ನಮ್ಮಿಬ್ಬರ ಫೋಟೋ ನೋಡಿ, ನಿನ್ನ ಮೇಲೆ ಬೆರಳಿಟ್ಟು "ಈಯಮ್ಮನೇ" ಎಂದಳು. ಎರಡನೆಯ ಭಾನುವಾರದ ಪ್ರಕಟಣೆಯ ದಿನ ಅವಳು ಮಗುವನ್ನೆತ್ತಿಕೊಂಡು ನಮ್ಮ ಚರ್ಚಿಗೆ ಬಂದಿದ್ದಳಂತೆ, ಸ್ವಾಮಿಗಳಿಗೆ ಹೇಳಲು. ಬಾಗಿಲಲ್ಲಿ ನೀನು ತಡೆದೆಯಂತೆ. "ಕ್ರೈಸ್ತರಲ್ಲದವ್ರ ಮಾತು ಇಲ್ಲಿ ನಡಿಯಲ್ಲ. ಹುಡುಗಿಗೆ ಎಲ್ಲಾ ಗೊತ್ತು, ಒಪ್ಕೊಂಡೇ ಮದ್ವೆ ಆಗ್ತಿದಾಳೆ, ಹೋಗು" ಎಂದೆಯಂತೆ. ಅವಳು ನಂಬಿ ವಾಪಸಾದಳು. ನೀನು ಒಳಗೆ ಬಂದೆ. ನಾನು ಜರುಗಿ ಜಾಗ ಕೊಟ್ಟೆ. ಇಬ್ಬರೂ ಒಟ್ಟಿಗೆ ಮೊಣಕಾಲೂರಿ ಶರ್ಲಿಗಾಗಿ ಪ್ರಾರ್ಥಿಸಿದೆವು. ಇದನ್ನೂ ಪಾಪನಿವೇದನೆಯಲ್ಲಿ ಹೇಳಿದೆಯಾ ಅಕ್ಕ? ನನಗಂತೂ ಹೇಳಲಿಲ್ಲ.