ಜನವರಿ ಒಂದಕ್ಕೆ ಹುಟ್ಟಿದವರು

ನ. 7, ಶುಕ್ರವಾರ, ಬೆಳಿಗ್ಗೆ 6
ಲ್ಯಾಪ್‌ಟಾಪಿನಲ್ಲಿ ನನ್ನ ಫಾರ್ಮಿಗೆ ಮತ್ತೆ ಟೆಸ್ಟ್. ಮೊಬೈಲ್ ನಂಬರ್ ಒಂಬತ್ತೇ ಅಂಕಿ ಹಾಕಿದೆ — ತಡೆಯಿತು. ಹೆಸರು ಖಾಲಿ ಬಿಟ್ಟೆ — ತಡೆಯಿತು. ಸೂಪರ್. ಭಾನುವಾರ ಆಡೂರಿನ ಕಣ್ಣಿನ ಕ್ಯಾಂಪಿನಲ್ಲಿ ಟೋಕನ್ ಕೊಡುವುದು ನನ್ನ ಫಾರ್ಮ್! ಫಸ್ಟ್ ಇಯರ್‌ನವಳನ್ನು ನಂಬಿದ್ದಾರೆ ಕಾಲೇಜಿನ ಶಿವಯೋಗಿ ಸರ್. ಕೆಟ್ಟರೆ ಮತ್ತೆ ನೋಟ್‌ಬುಕ್ಕಿನಲ್ಲೇ ಹೆಸರು ಬರೆಯುವುದು ಎಂದೂ ಹೇಳಿದ್ದಾರೆ.

ಒಂದು ರೂಲ್ ಸ್ವಂತದ್ದು. ಹುಟ್ಟಿದ ದಿನದ ಜಾಗ ತೆರೆದಾಗ ತಾನೇ ‘ಜನವರಿ 1’ ತೋರಿಸುತ್ತದೆ. ಬದಲಿಸದೆ ಬಿಟ್ಟರೆ ರಿಜೆಕ್ಟ್. ನನ್ನನ್ನು ಯಾರು ಏಮಾರಿಸುತ್ತಾರೆ...

ರೂಮ್‌ಮೇಟ್ ಅಂಕಿತಾ ಕೋಡ್ ಇಣುಕಿದಳು. “ಡಿ1, ಡಿ2, ಎಕ್ಸ್... ಏನ್ಲೇ ಇವು ಹೆಸರು? ಒಂದೂ ತಿಳೀವಲ್ದು.”
“ನನ್ನ ಕೋಡ್. ನಂಗ ತಿಳದ್ರ ಸಾಕು.”
ಏಳು ವರ್ಷ ಹಾಸ್ಟೆಲ್‌ನಲ್ಲಿ ಟ್ರಂಕಿಗೆ ಬೀಗ ಹಾಕಿ ಬೆಳೆದವಳು. ನನ್ನದನ್ನು ಬೇರೆಯವರು ಓದುವುದೇಕೆ?

ನ. 9, ಭಾನುವಾರ, ಸಂಜೆ
ಬರೆಯಲು ಮನಸ್ಸಿಲ್ಲ.
ಮೊದಲ ಅಜ್ಜಿ ದಾನವ್ವ. ಆಧಾರ್ ಕಾರ್ಡಿನಲ್ಲಿ 1-1-1955. ರಿಜೆಕ್ಟ್. “ಕುಂದರ್ರಿ, ಕರೀತೇನಿ” ಎಂದು ಕೂರಿಸಿದೆ. ಮುಂದಿನವರು 1-1-1950. ರಿಜೆಕ್ಟ್. ಸಾಲಿಗೆ ಸಾಲೇ ಜನವರಿ ಒಂದು!
“ಎಲ್ಲಾರೂ ಒಂದ ದಿನ ಹುಟ್ಟೀರೇನ್ರಿ ಅಜ್ಜಿ?”
“ಹುಟ್ಟಿದ ದಿನ ಯಾರಿಗೆ ಗೊತ್ತೈತಿ, ಯವ್ವಾ? ವಯಸ್ಸ ಅಂದಾಜ ಹೇಳಿದ್ವಿ. ಕಾರ್ಡ್ ಮಾಡಾಂವ ಎಲ್ಲಾರನ್ನೂ ಒಂದ ದಿನ ಹಡದ!”
ಸಾಲೆಲ್ಲ ನಕ್ಕಿತು. ನಾನು ಕೋಡ್ ತೆರೆದೆ. ಆ ರೂಲ್ ಎಲ್ಲಿದೆ — ಡಿ2? ಎಕ್ಸ್? ನಾನೇ ಬರೆದದ್ದು, ಸಿಗಲಿಲ್ಲ. ಪಕ್ಕದಲ್ಲೇ ಇದ್ದ ಅಂಕಿತಾಗಂತೂ ಓದಲಾಗದು. ಸರ್ ನೋಟ್‌ಬುಕ್ ತೆಗೆದಾಗ ಹನ್ನೆರಡೂವರೆ. ಒಂದಕ್ಕೆ ಡಾಕ್ಟರ್ ಹೊರಟರು. ಹನ್ನೊಂದು ಜನ ಕಣ್ಣು ತೋರಿಸದೆಯೇ ಉಳಿದರು. ಕೂರಿಸಿದ್ದ ದಾನವ್ವ ಕೂಡ.
“ನಾ ಇನ್ನೂ ಹುಟ್ಟಿಲ್ಲಂತೇನ ನಿನ್ನ ಮಷಿನ್ನಿಗೆ?” ಎಂದು ಎದ್ದು ಹೋದರು.
ಸರ್: “ಮುಂದಿನ ಭಾನುವಾರ ಹಾನಗಲ್ಲದಾಗ ಕ್ಯಾಂಪ್ ಐತಿ. ಇನ್ನೊಂದ ಚಾನ್ಸ್. ಅಷ್ಟ.”

ನ. 13, ಗುರುವಾರ
ಡೈರಿ ಬರೆದಿಲ್ಲ, ಕೋಡ್ ಬರೆದೆ. ಡಿ2 ಹೆಸರು ಈಗ ‘ಹುಟ್ಟಿದ_ದಿನ’. ಆ ಜಾಗ ಖಾಲಿಯಾಗಿಯೇ ತೆರೆಯುತ್ತದೆ. ಖಾಲಿ ಬಿಟ್ಟರೆ ಮಾತ್ರ ತಡೆ. ಜನವರಿ ಒಂದು ಓಕೆ.
ಅಂಕಿತಾ ಕೈಗೆ ಲ್ಯಾಪ್‌ಟಾಪ್ ಕೊಟ್ಟೆ. ಸರಸರ ಓದಿದಳು. “ಇಲ್ನೋಡ, ನಾಳೆ ಹುಟ್ಟಾಕಿನ್ನೂ ಒಳಗ ಬಿಡತೈತಿ ಇದು!”
ನಾನು ನೋಡೇ ಇರಲಿಲ್ಲ. ಅದನ್ನೂ ಸರಿ ಮಾಡಿದೆವು. ಇಬ್ಬರೂ.

ನ. 16, ಭಾನುವಾರ, 10.40, ಹಾನಗಲ್
ಕರೆಂಟ್ ಹೋಗಿ ಬಂತು, ನೆಟ್ ಬರುವವರೆಗೆ ಎರಡು ನಿಮಿಷ ಬಿಡುವು. ಬೆಳಿಗ್ಗೆ ಸಾಲಿನ ಮುಂದೆ ದಾನವ್ವ — ಆಡೂರಿನಿಂದ ಮೊದಲ ಬಸ್ಸಿಗೇ ಬಂದಿದ್ದರು.
“ಇವತ್ತರ ಹುಟ್ಟೇನೇನ, ಯವ್ವಾ?”
1-1-1955. ಒತ್ತಿದೆ. ಹಸಿರು. ಟೋಕನ್ ಒಂದು.
“ಹುಟ್ಟೀರಿ ಅಜ್ಜಿ!”
ಸರ್ ಆ ನೋಟ್‌ಬುಕ್ಕಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದಾರೆ. ಇನ್ನೊಬ್ಬ ಅಜ್ಜಿ ಬಂದರು, ಕಾರ್ಡ್ ಚಾಚಿ... ಜನವರಿ —