ಅರ್ಥವಾಯಿತೆಂಬ ರುಜು ಮತ್ತು ಸಂಪಿನ ಮುಚ್ಚಳ

ನಡುಹೊಳೆ,
ಫೆಬ್ರವರಿ 30, 2203

ಹಿಂದಿನ ಕಾಲದ ಹಿರಿಯರಿಗೆ ಶರಣು.

ತಾರೀಖು ನೋಡಿ ಕಾಗದವನ್ನು ಬುಟ್ಟಿಗೆ ಹಾಕಬೇಡಿ. ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ. ಹಿಂದೊಮ್ಮೆ ಒಂದು ಇಲಾಖೆಗೆ ತಿಂಗಳೊಳಗೆ ವರದಿ ಸಲ್ಲಿಸಲು ಎರಡು ದಿನ ಸಾಲದೆ ಬಂತು. ದಯಾಳು ಸರ್ಕಾರ ತಿಂಗಳನ್ನೇ ಎರಡು ದಿನ ಹಿಗ್ಗಿಸಿತು. ವರದಿ ಏಪ್ರಿಲ್‌ನಲ್ಲಿ ಬಂತು. ದಿನಗಳು ಹಾಗೇ ಉಳಿದುಕೊಂಡವು. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮೆಯಿರಲಿ. ಇಪ್ಪತ್ತೇಳು ವರ್ಷ ವರದಿಗಳ ಸಹವಾಸ ಮಾಡಿದ ನಾಲಿಗೆ ಇದು. ಹೆಂಡತಿಯ ಹತ್ತಿರ ಚಹಾ ಕೇಳುವಾಗಲೂ 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂದೇ ಶುರುಮಾಡುತ್ತದೆ.

ನಾನು ಅರ್ಥಧಾರಿ. ನಿಮ್ಮ ಕಾಲದಲ್ಲಿ ತಾಳಮದ್ದಳೆಯಲ್ಲಿ ಕೂತು ಭಾಗವತರ ಪದ್ಯಕ್ಕೆ ಮಾತು ಕಟ್ಟುವವರನ್ನು ಹಾಗೆ ಕರೆಯುತ್ತಿದ್ದರಂತೆ. ನಮ್ಮಲ್ಲಿ ಅದು ಸರ್ಕಾರಿ ಹುದ್ದೆ. ಯಾವುದಾದರೂ ಮಗುವಿಗೆ ದೊಡ್ಡ ಅನಾಹುತವಾದರೆ ಸಮಿತಿಯೊಂದು ಪರಾಮರ್ಶೆ ನಡೆಸಿ, ಎಲ್ಲಿ ತಪ್ಪಾಯಿತು, ಮುಂದೇನು ಮಾಡಬೇಕು ಎಂದು ವರದಿ ಬರೆಯುತ್ತದೆ. ವರದಿ ಹೆತ್ತವರಿಗೆ ಅರ್ಥವಾಗುವುದಿಲ್ಲ. ಅದನ್ನು ಅವರಿಗೆ ಬಿಡಿಸಿ ಹೇಳುವುದು ನನ್ನ ಕೆಲಸ. ಅರ್ಥವಾಗುವಂತೆಯೇ ಬರೆಯಬಹುದಿತ್ತಲ್ಲ ಎನ್ನುವಿರಿ. ಬರೆದಿದ್ದರೆ ನಾನು ಉಪವಾಸ ಬೀಳುತ್ತಿದ್ದೆ.

ನಮ್ಮೂರು ತುಂಗಭದ್ರೆಯ ಬತ್ತಿದ ಪಾತ್ರದ ನಡುವೆ ಕಟ್ಟಿದ್ದು. ಬಿಸಿಲು ತಡೆಯಲು ಬೀದಿಗಳ ಮೇಲೆಲ್ಲ ದಪ್ಪ ಬಟ್ಟೆಯ ಚಪ್ಪರ ಕಟ್ಟಿರುತ್ತೇವೆ. ಅದನ್ನು ನೇಯುವವರಿಗೆ ನೆರಳುಗಾರರೆಂದು ಹೆಸರು. ಅವರು ಮಗ್ಗಕ್ಕೆ ಹೋದಾಗ ಮಕ್ಕಳನ್ನು ನೋಡಿಕೊಳ್ಳುವುದು ಹಗಲುಮನೆ. ನೀರು ಸೋಮವಾರ ಮಾತ್ರ ಬರುವುದರಿಂದ ಪ್ರತಿ ಕಟ್ಟಡಕ್ಕೂ ಕೋಣೆಯಷ್ಟು ದೊಡ್ಡ ಸಂಪು. ಕಾಡು ಹೋಯಿತು, ಹೊಳೆ ಹೋಯಿತು. ಮಿರ್ಚಿ ಮಂಡಕ್ಕಿ ಮಾತ್ರ ಉಳಿದಿದೆ ಎಂದು ತಿಳಿಸಿದರೆ ನಿಮಗೆ ಸ್ವಲ್ಪ ಸಮಾಧಾನವಾದೀತು.

ವರದಿ ಬಿಡಿಸುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಉಪ್ಪಿಟ್ಟಿನ ತಟ್ಟೆಯನ್ನು ಇಲಾಖೆ ಮಾಡಿ, ಗೋಡಂಬಿಗಳನ್ನು ಅಧಿಕಾರಿಗಳನ್ನಾಗಿ ಇಟ್ಟು, ಯಾವ ಗೋಡಂಬಿ ಯಾವ ಗೋಡಂಬಿಗೆ ಪತ್ರ ಬರೆಯಲಿಲ್ಲ ಎಂದು ತೋರಿಸುತ್ತಿದ್ದೆ. ಅಳುತ್ತಿದ್ದವರೂ ತಲೆದೂಗುತ್ತಿದ್ದರು. ಕೊನೆಯ ಪುಟದಲ್ಲಿ ಒಂದೇ ಚೌಕ: 'ನನಗೆ ಅರ್ಥವಾಯಿತು.' ಅರ್ಥವಾಗದವರಿಗೆ ಚೌಕವಿಲ್ಲ. ನನ್ನ ಎದುರು ಕೂತವರು ರುಜು ಮಾಡದೆ ಎದ್ದುಹೋದದ್ದಿಲ್ಲ.

ಮೂರು ವರ್ಷದ ಕೆಳಗೆ ನೀಲವ್ವ ಹೂಗಾರ ಬಂದಳು. ನೆರಳುಗಾರ್ತಿ. ಅವಳ ನಾಲ್ಕು ವರ್ಷದ ಮಗಳು ಕಸ್ತೂರಿ ಹಗಲುಮನೆಯ ಸಂಪಿಗೆ ಬಿದ್ದಿದ್ದಳು. ಮುಚ್ಚಳವಿಲ್ಲವೆಂದು ಮೂರು ಸಲ ದೂರು ಹೋಗಿತ್ತು. ಮಗುವನ್ನು ಜೀವಸಹಿತ ಎತ್ತಿದರು, ಆದರೆ ನೀರೊಳಗೆ ಬಹಳ ಹೊತ್ತು ಕಳೆದಿತ್ತು. ಮೂರು ಬೀದಿಯಾಚೆಯಿಂದಲೇ 'ಯವ್ವಾ' ಎಂದು ಕೂಗುತ್ತಿದ್ದ ಹುಡುಗಿ ಈಗ ಯವ್ವನ ಮುಖವನ್ನೇ ಗುರುತಿಸುವುದಿಲ್ಲ. ನಾನೂರ ಹನ್ನೆರಡು ಪುಟದ ವರದಿಯಲ್ಲಿ ಅವಳ ಹೆಸರು 'ಮಗು ಕ-19'.

ಎರಡು ದಿನ ಬಿಡಿಸಿ ಹೇಳಿದೆ. ಗೋಡಂಬಿ ಸಾಲದೆ ಶೇಂಗಾ ತರಿಸಿದೆ. ಅವಳು ಮಗಳನ್ನು ತೊಡೆಯ ಮೇಲಿಟ್ಟುಕೊಂಡು, ಬಾಯಿಯ ಜೊಲ್ಲು ಒರೆಸುತ್ತ, ಎಲ್ಲವನ್ನೂ ಕೇಳಿಸಿಕೊಂಡಳು. ನಾನು ಪೆನ್ನು ಮುಂದೆ ಸರಿಸಿದೆ. ಆಗ ಕೇಳಿದಳು:

"ಎಲ್ಲಾ ತಿಳೀತ್ರಿ ಸಾಹೇಬ್ರ. ಆ ಸಂಪಿಗೆ ಈಗರ ಮುಚ್ಚಳ ಹಾಕ್ಯಾರೇನು?"

ವರದಿ ತಿರುವಿದೆ. 'ಮುಚ್ಚಳ' ಎಂಬ ಮಾತು ಮುನ್ನೂರ ಎಂಟು ಕಡೆ ಇತ್ತು. ಅವಳ ಪ್ರಶ್ನೆಗೆ ಉತ್ತರ ಒಂದು ಕಡೆಯೂ ಇರಲಿಲ್ಲ. ಇಪ್ಪತ್ತೇಳು ವರ್ಷದಲ್ಲಿ ನಾನೂ ಇಂಥದ್ದನ್ನು ಯಾರನ್ನೂ ಕೇಳಿರಲಿಲ್ಲ. ನೋಡಿಬರೋಣವೆಂದು ಅವಳ ಜೊತೆ ಹೋದೆ.

ಸಂಪು ತೆರೆದೇ ಇತ್ತು. ಸುತ್ತ ಒಂದು ಹಗ್ಗ, ಒಂದು ಫಲಕ: 'ಪರಾಮರ್ಶೆ ಬಾಕಿ ಇದೆ. ಸ್ಥಳವನ್ನು ಇದ್ದಂತೆಯೇ ಇಡತಕ್ಕದ್ದು.' ಹಗಲುಮನೆಯ ಮಕ್ಕಳು ಆ ಹಗ್ಗವನ್ನು ಹಾರುವ ಆಟ ಕಂಡುಕೊಂಡಿದ್ದವು. ಕುಟುಂಬ ಅರ್ಥವಾಯಿತೆಂದು ರುಜು ಹಾಕುವವರೆಗೆ ಕಡತ ಮುಚ್ಚುವಂತಿಲ್ಲ. ಕಡತ ಮುಚ್ಚುವವರೆಗೆ ಸಂಪನ್ನೂ ಮುಚ್ಚುವಂತಿಲ್ಲ. ಈ ನಿಯಮವನ್ನೂ ಅವಳಿಗೆ ಚೆನ್ನಾಗಿಯೇ ಬಿಡಿಸಿ ಹೇಳಿದೆ. ನನ್ನ ವೃತ್ತಿಯಲ್ಲೇ ಅಷ್ಟು ಚೆನ್ನಾಗಿ ಹೇಳಿದ್ದಿಲ್ಲ.

"ಅಂದ್ರ ನನಗ ತಿಳಿಯೋತನಕ ಇದು ಬಾಯಿ ತಕ್ಕೊಂಡೇ ಇರ್ತೈತಿ," ಎಂದಳು. "ತರ್ರಿ ಕಾಗದ."

ಮಗಳನ್ನು ಹೆಗಲಿಗೆ ಹಾಕಿಕೊಂಡು, ಗೋಡೆಗೆ ಕಾಗದ ಒತ್ತಿ ರುಜು ಹಾಕಿದಳು.

ಕಡತ ಮುಚ್ಚಿತು. ಮರುದಿನವೇ ಸಮಿತಿಯವರು ಬಂದು ಹಗ್ಗ, ಫಲಕ ಎರಡನ್ನೂ ಒಯ್ದರು, ಅವು ಸಮಿತಿಯ ಸ್ವತ್ತು. ಮುಚ್ಚಳ ಮಾತ್ರ ಅರವತ್ನಾಲ್ಕನೆಯ ಶಿಫಾರಸಾಗಿ ಉಳಿಯಿತು. ಮುಗಿದ ಕಡತಕ್ಕೆ ಯಾರೂ ಕೈ ಹಾಕುವಂತಿಲ್ಲವಲ್ಲ. ವಾರ ಕಾದು, ನೀಲವ್ವ ಮಗ್ಗದ ನಾಲ್ವರು ಹೆಂಗಸರನ್ನು ಕರೆತಂದು ಒಂದು ಕಡಪ ಕಲ್ಲು ಎಳೆದು ಮುಚ್ಚಿದಳು. ಹದಿನೈದು ದಿನಕ್ಕೆ ಇಲಾಖೆ ಅದನ್ನು 'ಅನಧಿಕೃತ ಮುಚ್ಚಳ' ಎಂದು ತೆಗೆಸಿತು, ಅವಳಿಗೆ ನೋಟಿಸು ಕೊಟ್ಟಿತು. ಆ ನೋಟಿಸಿನ ಅರ್ಥ ಹೇಳಲು ನನ್ನನ್ನೇ ಕಳಿಸಿತು.

ಅವಳು ಸಿಟ್ಟಾಗಲಿಲ್ಲ. ಚಹಾ ಕೊಟ್ಟಳು. ನಾನು ಬಾಯಿ ತೆರೆಯುವ ಮೊದಲೇ ರುಜು ಹಾಕಿ, "ಕುಡೀರಿ ಸಾಹೇಬ್ರ, ಇದೂ ತಿಳೀತು," ಎಂದಳು. ಆ ಚಹಾದ ಉಗುರು ಬಿಸಿ ಇನ್ನೂ ನಾಲಿಗೆಯ ಮೇಲಿದೆ.

ಆ ವರ್ಷ ನನಗೆ ಶಾಲು ಹೊದಿಸಿದರು. ಸನ್ಮಾನ ಪತ್ರದಲ್ಲಿ ಹೀಗಿತ್ತು: ಈ ವಲಯದ ಎಲ್ಲ ಕುಟುಂಬಗಳಿಗೂ ಪೂರ್ತಿ ಅರ್ಥವಾಗಿರುವುದರಿಂದ, ಪದ್ಧತಿಯಲ್ಲಿ ಯಾವ ಬದಲಾವಣೆಯೂ ಅಗತ್ಯವಿಲ್ಲ. ಅಷ್ಟು ವರ್ಷ ನಾನು ಜನರಿಗೆ ವರದಿಯ ಬಾಗಿಲು ತೆರೆಯುತ್ತಿದ್ದೇನೆ ಎಂದುಕೊಂಡಿದ್ದೆ. ಚಿಲಕ ಹಾಕುವ ಕೆಲಸಕ್ಕೆ ಶಾಲು ಸಿಕ್ಕಿತು.

ಇಷ್ಟನ್ನು ನಿಮಗೇಕೆ ಬರೆಯಬೇಕು? ನಾವು ರುಜು ಹಾಕಿಸುವ ನಮೂನೆಯ ಕೆಳಮೂಲೆಯಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ಮೊದಲ ಮುದ್ರಣದ ವರ್ಷವಿದೆ. ಅದು ನಿಮ್ಮ ವರ್ಷ. ದಯಮಾಡಿ ಎರಡನೆಯ ಚೌಕ ಸೇರಿಸಲು ಹೋಗಬೇಡಿ, ಅದಕ್ಕೊಂದು ಸಮಿತಿಯಾಗುತ್ತದೆ. ನಿಮ್ಮ ಬೀದಿಯಲ್ಲೂ ಬಾಯಿ ತೆರೆದ ಸಂಪೊಂದು ಇದ್ದೇ ಇರುತ್ತದೆ. ಅದರ ಮೇಲೊಂದು ಕಲ್ಲು ಎಳೆಯಿರಿ. ನೀವು ಎಳೆಯುವಿರೆಂದು ನನಗೆ ನಂಬಿಕೆಯಿಲ್ಲ. ಎಳೆದಿದ್ದರೆ ನಾನು ಈಗ ಇಲ್ಲಿ ಕೂತಿರುತ್ತಿರಲಿಲ್ಲ.

ಹೌದು, ಆ ಹಗಲುಮನೆಯ ಸಂಪಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಬರೆಯುತ್ತಿದ್ದೇನೆ. ಶಾಲು ಸಿಕ್ಕ ವರ್ಷವೇ ಕೆಲಸ ಬಿಟ್ಟೆ. ಅಂದಿನಿಂದ ದಿನಾ ಮಕ್ಕಳು ಬರುವ ಹೊತ್ತಿಗೆ ಬಂದು, ಹೋಗುವವರೆಗೆ ಕೂರುತ್ತೇನೆ. ಕೂರಬಾರದೆಂದು ಯಾವ ನಿಯಮದಲ್ಲೂ ಇಲ್ಲ, ಹುಡುಕಿ ನೋಡಿದ್ದೇನೆ. ನನ್ನ ಅಜ್ಜಂದಿರು ಕುಲುಮೆ ಊದಿದವರು. ನನ್ನಿಂದ ಒಂದು ಕಬ್ಬಿಣದ ತಗಡು ಹಾಕಿಸಲಾಗಲಿಲ್ಲ. ವಯಸ್ಸು ಅರವತ್ತೆಂಟು, ಮೊಣಕಾಲು ದಿನಾ ದೂರು ಕೊಡುತ್ತದೆ. ನಾನು ಬರದ ದಿನ ಈ ಕುರ್ಚಿ ಖಾಲಿ ಇರುತ್ತದೆ. ಯಾರೂ ತೆಗೆಯಲಾರರು, ಮುಂದಿನ ವರದಿಗೆ ಬೇಕಾಗುತ್ತದೆ.

ಇಂತಿ,
ಹೆಸರಿಗೆ ಮಾತ್ರ ಕಮ್ಮಾರನಾದ
ಮಹಾರುದ್ರಪ್ಪ ಕಮ್ಮಾರ,
ಮಾಜಿ ಅರ್ಥಧಾರಿ, ದ್ವಿತೀಯ ದರ್ಜೆ