ಆರಡಿ ಹಲಗೆಯ ಮೇಲಿನ ರೈಲುದಾರಿ

ಜೂನ್ 9, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಮೊದಲು ಸೊಸೆ ಎಂದು ಬರೆದೆ, ಆಮೇಲೆ ಅದನ್ನು ಹೊಡೆದು ಹಾಕಿದೆ. ಯಾವ ಬಾಯಲ್ಲಿ ಇವರು ಮಗಳೇ ಅನ್ನುತ್ತಾರೆ ಎಂದು ನಿನಗನ್ನಿಸಿದರೆ ಅದೂ ಸರಿಯೇ. ಪತ್ರ ಪೂರ್ತಿ ಓದು, ಇಷ್ಟೇ ನಾನು ಕೇಳಿಕೊಳ್ಳುವುದು.

ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. ಜೊತೆಯಲ್ಲಿ ಪಾಠ ಮಾಡುವ ಮೇಷ್ಟರನ್ನು ಮದುವೆಯಾಗುತ್ತಿದ್ದೇನೆ, ನೀವೂ ಮಾವನೂ ಒಪ್ಪಿದರೆ ನನ್ನ ಮನಸ್ಸು ಹಗುರಾಗುತ್ತದೆ ಎಂದು ಬರೆದಿದ್ದೆ. ನನ್ನ ಮಗನ ಆಟದ ರೈಲಿನ ನೋಟ್‌ಬುಕ್ ಇನ್ನೂ ಇದ್ದರೆ ಕೊಡುತ್ತೀರಾ ಎಂದು ಕೊನೆಯಲ್ಲಿ ಕೇಳಿದ್ದೆ. ಎಷ್ಟು ಹೆದರಿ ಹೆದರಿ ಕೇಳಿದ್ದೆ! ನಿನ್ನದೇ ವಸ್ತುವನ್ನು ನೀನೇ ಬೇಡುವ ಹಾಗೆ ಮಾಡಿದವಳು ನಾನು.

ನೋಟ್‌ಬುಕ್ ಅಟ್ಟದ ಮೇಲಿತ್ತು. ನಿನ್ನ ಮಾವ ಏಣಿ ಹಾಕಿ ಇಳಿಸಿದರು. ಧೂಳು ಒರೆಸಿ ಮೊದಲ ಪುಟ ತೆರೆದರು. "ಕೊಡೋಣ, ಅವಳದೇ ಅದು. ಆದ್ರೆ ಕೊಡೋಕೆ ಮುಂಚೆ ಇದ್ರಲ್ಲಿ ಬರೆದಿರೋ ಹಾಗೆ ರೈಲುದಾರೀನ ಒಂದ್ಸಲ ಕಟ್ಟಿಬಿಡೋಣ," ಎಂದರು. ಮೊಣಕಾಲು ನೋವಿಗೆ ಬಡಗಿ ಕೆಲಸ ಬಿಟ್ಟ ಮನುಷ್ಯನಿಗೆ ಇದೇನು ಹುಚ್ಚು ಎಂದು ನಾನು ರೇಗಿದೆ. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ನೀವಿಬ್ಬರೂ ಇದ್ದ ಕೋಣೆಯಲ್ಲಿ ಮಂಚವನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಆರಡಿ ಉದ್ದ ನಾಲ್ಕಡಿ ಅಗಲದ ಪ್ಲೈವುಡ್ ಹಲಗೆಗೆ ಕಾಲು ಹಚ್ಚಿದರು. ಅವನು ತಂದಿಟ್ಟಿದ್ದ ಎಂಜಿನ್ನು, ಮೂರು ಬೋಗಿ, ಹಳಿಯ ತುಂಡುಗಳ ಡಬ್ಬ, ಎಲ್ಲ ನಿಮ್ಮ ಬೀರುವಿನಲ್ಲಿ ಹಾಗೇ ಇದ್ದವು.

ಅವರ ಕೈಗೆ ಯಾವಾಗಲೂ ಅಂಟೋ ಮರದ ಪುಡಿಯೋ ಮೆತ್ತಿರುತ್ತಿತ್ತು. ಹಾಗಾಗಿ ಓದುವ ಕೆಲಸ ನನ್ನ ಪಾಲಿಗೆ ಬಂತು. "ಮುಂದೇನು, ಓದು," ಅನ್ನುವರು. ನಾನು ಹೊಲಿಗೆ ಮೆಷಿನ್ ಬಿಟ್ಟೆದ್ದು ಬಂದು ಓದುತ್ತಿದ್ದೆ. ಅವನ ಅಕ್ಷರ ನಿನಗೆ ಗೊತ್ತಲ್ಲ, ಕಾಗೆ ಕಾಲು ಗುಬ್ಬಿ ಕಾಲು. ಅವನ ಲಿಫ್ಟ್ ರಿಪೇರಿ ಕೆಲಸದ ಲೆಕ್ಕಾಚಾರದ ನಡುವೆಯೇ ರೈಲಿನದೂ ಇತ್ತು. ತಿರುವು ತೀರಾ ಕಡಿದಾದರೆ ಬೋಗಿ ಉರುಳುತ್ತದೆ. ಏರು ಹೆಚ್ಚಾದರೆ ಎಂಜಿನ್ನಿನ ಚಕ್ರ ನಿಂತಲ್ಲೇ ಸುತ್ತುತ್ತದೆ. ಸುರಂಗದ ಹಿಂದೆ ಕೈ ತೂರುವಷ್ಟು ಜಾಗ ಬಿಡಬೇಕು, ಒಳಗೆ ಬಿದ್ದ ಬೋಗಿ ಎತ್ತಬೇಕಲ್ಲ. ಒಂದು ಕಡೆ ದೊಡ್ಡದಾಗಿ ಬರೆದಿದ್ದ: "ಗಾರ್ಡಮ್ಮನ ಆರ್ಡರ್! ಸ್ಟೇಷನ್ನಿನಲ್ಲಿ ಎರಡು ಹಳಿ ಬೇಕೇ ಬೇಕು. ಇಲ್ಲದಿದ್ದರೆ ಯಾವಾಗಲೂ ಒಂದು ರೈಲು ಕಾಯುತ್ತಲೇ ಇರಬೇಕಂತೆ." ಅದನ್ನು ಓದಿ ನಾವಿಬ್ಬರೂ ನಕ್ಕೆವು. ನೀನು ಮನೆಗೆ ಬಂದ ಮೊದಲ ವಾರವೇ ಎಲ್ಲರನ್ನೂ ಹೊತ್ತಿಗೆ ಸರಿಯಾಗಿ ಊಟಕ್ಕೆ ಕೂರಿಸಿದ್ದಕ್ಕೆ ಅವನು ನಿನಗಿಟ್ಟ ಹೆಸರು ಅದು. ಮಗನ ಮಾತಿಗೆ ಈ ಮನೆಯಲ್ಲಿ ನಗು ಕೇಳಿ ಮೂರು ವರ್ಷವಾಗಿತ್ತು.

ಜೀವಮಾನವೆಲ್ಲ ಬಾಗಿಲು ಕಿಟಕಿ ಮಾಡಿದ ಕೈ ಆ ಎಳ್ಳುಕಾಳಿನಂಥ ಮೊಳೆ ಹಿಡಿಯಲು ಒದ್ದಾಡಿತು. ನಾಲ್ಕು ಸಲ ಹಳಿ ಕಿತ್ತು ಮತ್ತೆ ಹಾಕಿದರು. ಗುಡ್ಡ ಮಾತ್ರ ನಾನು ಮಾಡಿದ್ದು. ತಂತಿ ಬಲೆಯ ಮೇಲೆ ಅಂಟಿನಲ್ಲಿ ನೆನೆಸಿದ ಪೇಪರ್ ಚೂರುಗಳನ್ನು ಒಂದರ ಮೇಲೊಂದು ಅಂಟಿಸಿ, ಒಣಗಿದ ಮೇಲೆ ಹಸಿರು ಬಣ್ಣ ಕಲಸಿದ ಮರದ ಪುಡಿ ಉದುರಿಸಿದೆ. ಪಾತ್ರೆ ತಿಕ್ಕುವ ಸ್ಪಂಜಿನ ಚೂರೇ ಮರವಾಯಿತು. ಎದುರು ಮನೆಯ ನರ್ಸ್ ಬಂದು ನೋಡಿ, "ಅಮ್ಮ, ಟಿಕೆಟ್ ಎಲ್ಲಿ ಕೊಡ್ತೀರಾ?" ಎಂದು ಕೇಳಿದಳು.

ಹೇಳಬೇಕಾದದ್ದನ್ನು ಬಿಟ್ಟು ಎಲ್ಲೆಲ್ಲೋ ಸುತ್ತುತ್ತಿದ್ದೇನೆ. ಹೇಳಿಬಿಡುತ್ತೇನೆ.

ಒಂದು ದಿನ ಅವರು ಮೊಳೆ ತರಲು ಅಂಗಡಿಗೆ ಹೋಗಿದ್ದರು. ಇನ್ನೆಷ್ಟು ಉಳಿದಿದೆಯೋ ನೋಡೋಣವೆಂದು ನಾನು ಪುಟ ಮಗುಚಿದೆ. ಬರೆದಿದ್ದ ಕೊನೆಯ ಪುಟ ಸಿಕ್ಕಿತು. ಮೇಲೆ ಅವನು ನಮ್ಮನ್ನು ಬಿಟ್ಟುಹೋದ ಗುರುವಾರದ ತಾರೀಖು. ಅದರ ಕೆಳಗೆ ಹೀಗಿತ್ತು: "ಅಮ್ಮನ ಫೋನು. ಕನ್ನಡಕ ಇವತ್ತೇ ಬೇಕಂತೆ. ಸೇತುವೆ ರಸ್ತೆಯಲ್ಲಿ ಹೋಗಬೇಕು. ಗಾರ್ಡಮ್ಮನಿಗೆ ಅರ್ಧ ಗಂಟೆ ತಡ ಅಂತ ಹೇಳಬೇಕು."

ನಿನಗೆ ಹೇಳಲು ಅವನಿಗೆ ಹೊತ್ತು ಸಿಗಲಿಲ್ಲ. ಸೇತುವೆಯ ಹತ್ತಿರ ಲಾರಿ ಬಂತು.

ಅವತ್ತು ನಿಮ್ಮ ಮದುವೆಯಾಗಿ ಎರಡು ವರ್ಷ ತುಂಬಿದ ದಿನ. ಬೇಗ ಬನ್ನಿ ಎಂದು ನೀನು ಫೋನ್ ಮಾಡಿದ್ದೆ. ಅವನನ್ನು ಆಸ್ಪತ್ರೆಯಿಂದ ಮನೆಗೆ ತಂದಾಗ ನೆಂಟರೆಲ್ಲ ತುಂಬಿದ್ದ ಹಜಾರದಲ್ಲಿ ನಾನು ನಿನ್ನ ಕಡೆ ಕೈ ತೋರಿಸಿ, "ಇವಳು ಬೇಗ ಬಾ ಬೇಗ ಬಾ ಅಂತ ಪ್ರಾಣ ತಿನ್ನದೆ ಇದ್ದಿದ್ರೆ ನನ್ನ ಮಗ ಆ ರಸ್ತೆಗೇ ಹೋಗ್ತಿರ್ಲಿಲ್ಲ," ಎಂದು ಕೂಗಿದೆ. ನೀನು ಗೋಡೆ ಹಿಡಿದು ಕುಸಿದು ಕೂತೆ. ನನ್ನ ಮಾತನ್ನು ನೀನು ನಂಬಿಬಿಟ್ಟೆ.

ಆ ರಸ್ತೆಗೆ ಅವನನ್ನು ಕಳಿಸಿದವಳು ನಾನು. ಕನ್ನಡಕದ ಅಂಗಡಿ ಇದ್ದದ್ದು ಅಲ್ಲಿ. ನೀನು ಕರೆದ ಹಾಗೆ ನೇರ ಮನೆಗೆ ಬಂದಿದ್ದರೆ ಅವನು ಸೇತುವೆಯ ಕಡೆ ತಲೆ ಕೂಡ ಹಾಕುತ್ತಿರಲಿಲ್ಲ. ಮಾರನೇ ದಿನ ಕೊಡಬೇಕಾದ ಶಾಲೆಯ ಸಮವಸ್ತ್ರಗಳಿದ್ದವು, ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸಲಾಗುತ್ತಿರಲಿಲ್ಲ, ಮಗನಿಗೆ ಫೋನ್ ಮಾಡಿದೆ. ಅಷ್ಟೇ. ಅದು ತಪ್ಪಲ್ಲ ಎಂದು ಯಾರು ಬೇಕಾದರೂ ಹೇಳಿಯಾರು. ಆದರೆ ಹಜಾರದಲ್ಲಿ ಕೂಗುವಾಗ ಆ ಫೋನು ನನಗೆ ಚೆನ್ನಾಗಿ ನೆನಪಿತ್ತು ಮಗಳೇ. ನೆನಪಿದ್ದದ್ದಕ್ಕೇ ಅಷ್ಟು ಜೋರಾಗಿ ಕೂಗಿದೆ. ನಾಲ್ಕು ತಿಂಗಳು ನೀನು ಈ ಮನೆಯಲ್ಲಿ ತಲೆ ತಗ್ಗಿಸಿ ಓಡಾಡಿದೆ. ನಾನು ನೋಡುತ್ತಲೇ ಇದ್ದೆ. ಕೊನೆಗೆ ನೀನು ಪೆಟ್ಟಿಗೆ ಹಿಡಿದು ಹಾಸ್ಟೆಲಿಗೆ ಹೊರಟಾಗ ನಾನು ಬಾಗಿಲವರೆಗೂ ಬರಲಿಲ್ಲ.

ಇವರು ಅಂಗಡಿಯಿಂದ ಬರುವ ಮೊದಲೇ ಆ ಪುಟವನ್ನು ಹರಿದೆ. ಹರಿದು ಅಕ್ಕಿ ಡಬ್ಬದ ತಳದಲ್ಲಿಟ್ಟೆ. ಮಾರನೇ ದಿನ ಇವರು ಎಂದಿನಂತೆ "ಮುಂದೇನು?" ಎಂದು ಕೇಳಿದರು. "ಇಷ್ಟೇ, ಮುಗೀತು," ಎಂದೆ. "ಸರಿ ಬಿಡು," ಎಂದು ರಬ್ಬರಿನಿಂದ ಹಳಿಯ ಕಿಲುಬು ಉಜ್ಜತೊಡಗಿದರು.

ನಿನ್ನೆ ಸಂಜೆ ಮೊದಲ ಸಲ ಓಡಿಸಿದರು. ಎಂಜಿನ್ನು ಎರಡು ಕಡೆ ನಿಂತಿತು, ಬೆರಳಿನಿಂದ ತಳ್ಳಿದರು. ಆಮೇಲೆ ಮೂರೂ ಬೋಗಿ ಎಳೆದುಕೊಂಡು ಸುರಂಗದೊಳಗೆ ಹೋಗಿ ಈಚೆ ಬಂತು. ಇವರು ನನ್ನ ಭುಜ ಹಿಡಿದುಕೊಂಡು, "ಬಂತು ನೋಡೇ, ಬಂತು!" ಎಂದು ಮಕ್ಕಳ ಹಾಗೆ ಕುಣಿದರು. ಆ ಖುಷಿಯಲ್ಲಿ ಪಾಲು ತಗೊಳ್ಳಲು ನನಗೆ ಮುಖವಿರಲಿಲ್ಲ. ಸ್ಟೇಷನ್ನಿನಲ್ಲಿ ನೀನು ಕೇಳಿದ್ದ ಎರಡನೇ ಹಳಿ ಖಾಲಿಯಿತ್ತು. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಬೆಳಿಗ್ಗೆ ಡಬ್ಬಕ್ಕೆ ಕೈ ಹಾಕಿ ಪುಟ ತೆಗೆದೆ.

ನೋಟ್‌ಬುಕ್ ಕಳಿಸುತ್ತಿದ್ದೇನೆ. ಹರಿದ ಪುಟವೂ ಒಳಗಿದೆ. ನಿನ್ನ ನೆಂಟರಲ್ಲಿ ಯಾರಿಗೆ ಬೇಕಾದರೂ ತೋರಿಸು. ನಮ್ಮ ನೆಂಟರಿಗೆ ನಾನೇ ಒಬ್ಬೊಬ್ಬರಿಗೂ ಹೇಳುತ್ತೇನೆ. ಮೇಷ್ಟರಿಗೂ ಓದಲು ಕೊಡು. ಅವರು ಕೈ ಹಿಡಿಯುತ್ತಿರುವ ಹುಡುಗಿಯ ಮೇಲೆ ಯಾವ ಭಾರವೂ ಇಲ್ಲವೆಂದು ಅವರಿಗೆ ಗೊತ್ತಿರಲಿ.

ಕ್ಷಮಿಸು ಎಂದು ಕೇಳುವುದಿಲ್ಲ. ಚೆನ್ನಾಗಿ ಬಾಳು ಎಂದು ಹರಸುವ ಯೋಗ್ಯತೆ ನನಗಿದೆಯೋ ಇಲ್ಲವೋ, ಹರಸುತ್ತಿದ್ದೇನೆ.

ನಿನ್ನ
ಅತ್ತೆ

ಪತ್ರ ಮುಗಿಸಿದ ಮೇಲೆ: ಲಕೋಟೆ ಅಂಟಿಸುವ ಮೊದಲು ನಿನ್ನ ಮಾವನಿಗೆ ಎಲ್ಲವನ್ನೂ ಓದಿ ಹೇಳಿದೆ. ಅವರಿಗೆ ಆಶ್ಚರ್ಯವಾಗಲಿಲ್ಲ. ಆಸ್ಪತ್ರೆಯವರು ಅವನ ಬ್ಯಾಗು ಕೊಟ್ಟ ದಿನವೇ ಆ ಪುಟ ಓದಿದ್ದರಂತೆ. ನೋಟ್‌ಬುಕ್ಕನ್ನು ಅಟ್ಟದ ಮೇಲಿಟ್ಟವರೂ ಅವರೇ. "ಒಂದೊಂದೇ ಪುಟ ಓದಿಸ್ತಾ ಕಟ್ಟಿದ್ರೆ ಆ ಪುಟಕ್ಕೆ ನೀನು ಬಂದೇ ಬರ್ತೀಯ, ಆಗ ನಿನ್ನ ಬಾಯಿಂದಲೇ ಬರುತ್ತೆ ಅಂದ್ಕೊಂಡೆ. ರೈಲಿನ ಆಸೆಗೆ ಕಟ್ಟಲಿಲ್ಲ," ಎಂದರು. "ಮೂರು ವರ್ಷ ನಾನೂ ಬಾಯಿ ಮುಚ್ಕೊಂಡಿದ್ದೆ. ಆ ಹುಡುಗಿಗೆ ನಂದೂ ತಪ್ಪು ಅಂತ ಬರಿ," ಎಂದರು. ಬರೆದಿದ್ದೇನೆ. ಈಗ ಹಲಗೆಯ ಪಕ್ಕ ನನಗೆ ಬೆನ್ನು ಮಾಡಿ ಕೂತಿದ್ದಾರೆ. ಬಾಗಿಲಲ್ಲಿ ನಿಂತೇ ಇಷ್ಟನ್ನು ಬರೆಯುತ್ತಿದ್ದೇನೆ. ಒಳಗೆ ಬಾ ಎಂದು ಇನ್ನೂ ಕರೆದಿಲ್ಲ.